ನ್ಯೂಯಾರ್ಕ್ ಒಪ್ಪಂದ, 1790: ಕ್ರೀಕರ ಜೊತೆಗಿನ ಶಾಂತಿ ಕೆಟ್ಟದ್ದು ಎಲ್ಲಿ?

ತುಂಗಾತೀರ · ಶನಿವಾರ, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಒಂದು ತಿಂಗಳಿಂದ ಇದೇ ವಿಷಯ ತಲೆಯಲ್ಲಿ ಸುತ್ತುತ್ತಿದೆ. ಇಲ್ಲಿ ಹಾಕಿದರೆ ತಿಳಿದವರು ತಿದ್ದುತ್ತೀರಿ ಅಂತ ಬರೆಯುತ್ತಿದ್ದೇನೆ.

1790ರ ಜುಲೈ 21. ನ್ಯೂಯಾರ್ಕ್ ಆಗ ಅಮೆರಿಕದ ರಾಜಧಾನಿ. ಇವತ್ತಿನ ಅಲಬಾಮಾ, ಜಾರ್ಜಿಯಾ ಕಡೆಯ ಕಾಡುಗಳಿಂದ ಹೊರಟು ವಾರಗಟ್ಟಲೆ ಪಯಣ ಮಾಡಿದ ಕ್ರೀಕ್ ಎಂಬ ಮೂಲನಿವಾಸಿ ಜನರ ಮೂವತ್ತರ ಹತ್ತಿರ ಮುಖಂಡರು ಅಲ್ಲಿ ದೋಣಿಯಿಂದ ಇಳಿದರು. ಊರಿಗೆ ಊರೇ ನೋಡಲು ನಿಂತಿತ್ತು. ಟ್ಯಾಮನಿ ಸೊಸೈಟಿ ಎಂಬ ಸಂಘದವರು ತಾವೂ ಮೂಲನಿವಾಸಿಗಳ ಹಾಗೆ ವೇಷ ತೊಟ್ಟು ಬಂದು, ಅವರನ್ನು ವಾಲ್ ಸ್ಟ್ರೀಟ್ ಉದ್ದಕ್ಕೂ ಮೆರವಣಿಗೆಯಲ್ಲಿ ಕರೆದುಕೊಂಡು ಹೋದರು. ಅಧ್ಯಕ್ಷ ವಾಷಿಂಗ್ಟನ್ ಅವರ ಭೇಟಿ ಆಯಿತು. ಮುಂದಿನ ಹದಿನೇಳು ದಿನ ಮಾತುಕತೆ. ಆಗಸ್ಟ್ 7ಕ್ಕೆ ಒಪ್ಪಂದಕ್ಕೆ ಸಹಿ ಬಿತ್ತು. ಅಮೆರಿಕದ ಪರವಾಗಿ ಯುದ್ಧಮಂತ್ರಿ ಹೆನ್ರಿ ನಾಕ್ಸ್, ಕ್ರೀಕರ ಪರವಾಗಿ ಅವರ ಮುಖಂಡ ಅಲೆಕ್ಸಾಂಡರ್ ಮೆಕ್‌ಗಿಲಿವ್ರೆ ಮತ್ತು ಇನ್ನೂ 23 ಮಂದಿ. ಹೊಸ ಸಂವಿಧಾನ ಜಾರಿಯಾದ ಮೇಲೆ ಅಮೆರಿಕ ಒಂದು ಮೂಲನಿವಾಸಿ ರಾಷ್ಟ್ರದ ಜೊತೆ ಕೂತು ಕುದುರಿಸಿದ ಮೊದಲ ಒಪ್ಪಂದ ಇದು.

ಹೆಸರಿನ ಬಗ್ಗೆ ಒಂದು ಮಾತು. ಅವರು ತಮ್ಮನ್ನು ಕರೆದುಕೊಳ್ಳುವುದು ಮಸ್ಕೋಗಿ ಎಂದು. ಇಂಗ್ಲಿಷ್ ವ್ಯಾಪಾರಿಗಳು ಓಚೀಸೆ ಎಂಬ ಹಳ್ಳದ ದಂಡೆಯಲ್ಲಿ ಇವರನ್ನು ಕಂಡು 'ಓಚೀಸೆ ಕ್ರೀಕಿನವರು' ಅಂದರು, ಅದೇ ಸವೆದು 'ಕ್ರೀಕ್' ಆಯಿತು. ನಮ್ಮ ಬಾಯಲ್ಲಿ ಹೇಳುವುದಾದರೆ 'ಹಳ್ಳದವರು'.

ಒಪ್ಪಂದದಲ್ಲಿ ಏನಿತ್ತು? ಜಾರ್ಜಿಯಾದ ಓಕೋನಿ ನದಿಯ ಪೂರ್ವದ ಜಮೀನನ್ನು ಕ್ರೀಕರು ಬಿಟ್ಟುಕೊಡಬೇಕು. ಬದಲಿಗೆ ವರ್ಷಕ್ಕೆ 1,500 ಡಾಲರ್. ಗಡಿಯ ಆಚೆ ಉಳಿದ ಅವರ ನೆಲಕ್ಕೆಲ್ಲ ಅಮೆರಿಕ ಸರ್ಕಾರವೇ ಖಾತ್ರಿ, ಇದು 5ನೇ ವಿಧಿ. 6ನೇ ವಿಧಿ ಓದಿದಾಗ ನನಗೆ ಮೈ ಜುಮ್ ಎಂದಿತು: ಬಿಳಿಯನೊಬ್ಬ ಕ್ರೀಕರ ನೆಲದಲ್ಲಿ ಹೋಗಿ ಮನೆ ಕಟ್ಟಿದರೆ ಅವನಿಗೆ ಅಮೆರಿಕದ ರಕ್ಷಣೆ ತಪ್ಪಿಹೋಗುತ್ತದೆ, ಅವನನ್ನು ದಂಡಿಸುವುದು ಬಿಡುವುದು ಕ್ರೀಕರ ಇಷ್ಟ! ತನ್ನ ಪ್ರಜೆಯನ್ನೇ ಹೀಗೆ ಬಿಟ್ಟುಕೊಡಲು ಸರ್ಕಾರವೊಂದು ಬರೆದು ಸಹಿ ಹಾಕಿತ್ತು.

ಇಷ್ಟಾದರೂ ನಲವತ್ತಾರು ವರ್ಷದ ಹೊತ್ತಿಗೆ, 1836ರಲ್ಲಿ, ಸೈನ್ಯದ ಕಾವಲಿನಲ್ಲಿ ಸಾವಿರಾರು ಕ್ರೀಕರನ್ನು ಮಿಸಿಸಿಪ್ಪಿಯ ಆಚೆಗೆ ಅಟ್ಟಲಾಯಿತು. ನನಗನಿಸುವುದು ಇಷ್ಟು: ಕಾಗದ ಚೆನ್ನಾಗಿತ್ತು, ಅದನ್ನು ಕಾಯುವವರು ಇರಲಿಲ್ಲ. ನಿಮಗೇನನಿಸುತ್ತದೆ?

ಹಳೇ ಮೇಷ್ಟ್ರು · ಶನಿವಾರ, ರಾತ್ರಿ 10:35

ಭಾಳ ಛಲೋ ವಿಷಯ ಎತ್ತೀರಿ. ಮೂವತ್ತು ವರ್ಷ ಶಾಲೆಯಲ್ಲಿ ಇತಿಹಾಸ ಕಲಿಸಿದೆ. ಅಮೆರಿಕದ ಕ್ರಾಂತಿ ಅಂದರೆ ಬೋಸ್ಟನ್ ಚಹಾ, ಯಾರ್ಕ್‌ಟೌನ್, ಅಲ್ಲಿಗೆ ಪಾಠ ಮುಗಿಯುತ್ತಿತ್ತು. ಆ ನೆಲದ ಮೊದಲ ಒಡೆಯರಿಗೆ ಏನಾಯಿತು ಅಂತ ಒಂದು ಸಾಲೂ ಹೇಳಲಿಲ್ಲವಲ್ಲ ಅಂತ ಈಗ ಕೊರಗುತ್ತೇನೆ.

ನಿಮ್ಮ ಪ್ರಶ್ನೆಗೆ ಉತ್ತರ ಬೇಕಾದರೆ 1790ಕ್ಕಿಂತ ಹಿಂದೆ ಹೋಗಬೇಕು. ಕ್ರಾಂತಿ ಮುಗಿದದ್ದೇ ತಡ, ಜಾರ್ಜಿಯಾ ರಾಜ್ಯದವರು ಕ್ರೀಕರ ಜೊತೆ ತಾವೇ ಮೂರು ಒಪ್ಪಂದ ಮಾಡಿಕೊಂಡರು: 1783ರಲ್ಲಿ ಅಗಸ್ಟಾ, 1785ರಲ್ಲಿ ಗಾಲ್ಫಿನ್‌ಟನ್, 1786ರಲ್ಲಿ ಶೋಲ್ಡರ್‌ಬೋನ್. ಪ್ರತಿಸಲವೂ ಸಹಿ ಹಾಕಿದವರು ಬೆರಳೆಣಿಕೆಯ ಕೆಲವರು. ಅವರಲ್ಲಿ ಮುಖ್ಯರು ಇಬ್ಬರು: ತಲಾಸಿಯ ಹೊಬೊಯಿತ್ಲೆ ಮೀಕೊ, ಕಸೀಟಾದ 'ದಪ್ಪ ರಾಜ' ಎಂದು ಬಿಳಿಯರು ಕರೆಯುತ್ತಿದ್ದ ನೇಹಾ ಮೀಕೊ. ('ಮೀಕೊ' ಅಂದರೆ ಊರಿನ ಮುಖ್ಯಸ್ಥ.) ಉಳಿದ ಊರುಗಳವರು 'ಇದು ನಮ್ಮ ಮಾತಲ್ಲ' ಎಂದು ತಳ್ಳಿಹಾಕಿದರು. ಮೆಕ್‌ಗಿಲಿವ್ರೆ 1784ರಲ್ಲೇ ಪೆನ್ಸಕೋಲಾದಲ್ಲಿ ಸ್ಪೇನಿನ ಜೊತೆ ಒಪ್ಪಂದ ಮಾಡಿಕೊಂಡು ಬಂದೂಕು, ಮದ್ದುಗುಂಡಿಗೆ ದಾರಿ ಮಾಡಿಕೊಂಡಿದ್ದ. ಓಕೋನಿ ದಂಡೆಯಲ್ಲಿ ಮನೆ ಸುಡುವುದು, ಕುದುರೆ ಕದಿಯುವುದು, ತಲೆ ಉರುಳುವುದು ದಿನನಿತ್ಯದ ಕೆಲಸವಾಯಿತು.

ವಾಷಿಂಗ್ಟನ್ ಇದಕ್ಕೆ ಕೈಹಾಕಿದ್ದು 1789ರಲ್ಲಿ. ಆಗ ಒಂದು ಪ್ರಸಂಗ ನಡೆಯಿತು. ಸಂವಿಧಾನದಲ್ಲಿ ಒಪ್ಪಂದಗಳಿಗೆ ಸೆನೆಟ್ಟಿನ 'ಸಲಹೆ ಮತ್ತು ಒಪ್ಪಿಗೆ' ಬೇಕು ಅಂತ ಇದೆ. ವಾಷಿಂಗ್ಟನ್ ಅದನ್ನು ಅಕ್ಷರಶಃ ತೆಗೆದುಕೊಂಡರು. ಆಗಸ್ಟ್ 22ರಂದು ನಾಕ್ಸ್ ಅವರನ್ನು ಕರೆದುಕೊಂಡು ಖುದ್ದಾಗಿ ಸೆನೆಟ್ ಸಭೆಗೆ ಹೋಗಿ, ಕ್ರೀಕರ ಜೊತೆ ಹೇಗೆ ಮಾತಾಡಬೇಕು ಅಂತ ಪ್ರಶ್ನೆಗಳ ಪಟ್ಟಿ ಮುಂದಿಟ್ಟರು. ಉಪಾಧ್ಯಕ್ಷ ಆಡಮ್ಸ್ ಅದನ್ನು ಓದುವಾಗ ಹೊರಗೆ ಗಾಡಿಗಳ ಸದ್ದು, ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. ಕಾಗದವನ್ನು ಸಮಿತಿಗೆ ಒಪ್ಪಿಸೋಣ ಎಂದು ಸದಸ್ಯರೊಬ್ಬರು ಎದ್ದರು. ವಾಷಿಂಗ್ಟನ್ ಸಿಡುಕಿ, ಹೀಗಾದರೆ ನಾನು ಬಂದ ಉದ್ದೇಶವೇ ಹಾಳಾಯಿತು ಎಂದರಂತೆ. ಸಭೆಯಲ್ಲಿದ್ದ ಸೆನೆಟರ್ ವಿಲಿಯಂ ಮೆಕ್ಲೇ ತನ್ನ ದಿನಚರಿಯಲ್ಲಿ ಇದನ್ನೆಲ್ಲ ಬರೆದಿಟ್ಟಿದ್ದಾನೆ. ಸೋಮವಾರ ಮತ್ತೊಮ್ಮೆ ಬಂದು ಕೆಲಸ ಮುಗಿಸಿಕೊಂಡು ಹೋದರು. ಆಮೇಲೆ ಇವತ್ತಿನವರೆಗೆ ಯಾವ ಅಧ್ಯಕ್ಷರೂ ಒಪ್ಪಂದದ ಸಲಹೆ ಕೇಳಲು ಹಾಗೆ ಸೆನೆಟ್ಟಿಗೆ ಹೋಗಿ ಕೂತಿಲ್ಲ. ಅಮೆರಿಕದ ಆಡಳಿತದ ಒಂದು ದೊಡ್ಡ ಪದ್ಧತಿ ಹುಟ್ಟಿದ್ದು ಕ್ರೀಕರ ವಿಷಯದಲ್ಲಿ, ನೋಡ್ರಿ.

ಆ ವರ್ಷ ಸೆಪ್ಟೆಂಬರಿನಲ್ಲಿ ಓಕೋನಿ ದಂಡೆಯ ರಾಕ್ ಲ್ಯಾಂಡಿಂಗ್ ಎಂಬಲ್ಲಿ ಲಿಂಕನ್, ಗ್ರಿಫಿನ್, ಹಂಫ್ರೀಸ್ ಎಂಬ ಮೂವರು ಆಯುಕ್ತರು ಕಾದು ಕೂತರು. (ಈ ಲಿಂಕನ್ ಕ್ರಾಂತಿಕಾಲದ ಸೇನಾಪತಿ ಬೆಂಜಮಿನ್ ಲಿಂಕನ್.) ಮೆಕ್‌ಗಿಲಿವ್ರೆ ನೂರಾರು ಜನರೊಂದಿಗೆ ಬಂದು, ಅವರು ತಂದ ಕರಡನ್ನು ಕೇಳಿ, ಸಹಿ ಹಾಕದೆ ಗುಡಾರ ಕಿತ್ತು ಹೊರಟುಹೋದ. ಜಾರ್ಜಿಯಾ ಬರೆಸಿಕೊಂಡ ಗಡಿಯನ್ನೇ ಒಪ್ಪಿಕೋ ಎಂದರೆ ಯಾರು ಒಪ್ಪುತ್ತಾರೆ?

ಹೀಗಾಗಿ ನನ್ನ ಉತ್ತರ: ಅಲ್ಲಿ ಇಬ್ಬರು ಮಾತಾಡುತ್ತಿರಲಿಲ್ಲ, ಮೂವರು ಇದ್ದರು. ಮೂರನೆಯವರಾದ ಜಾರ್ಜಿಯಾದವರು ನ್ಯೂಯಾರ್ಕಿನ ಮಾತುಕತೆಯಲ್ಲಿ ಇರಲೇ ಇಲ್ಲ. ಸೆನೆಟ್ಟಿನಲ್ಲಿ 15 ಮತ ಪರ, 4 ವಿರುದ್ಧ ಬಿದ್ದು ಒಪ್ಪಂದ ಅಂಗೀಕಾರವಾಯಿತು. ಆ ನಾಲ್ಕರಲ್ಲಿ ಎರಡು ಜಾರ್ಜಿಯಾದವು.

ಕುಡ್ಲದವಳು · ಭಾನುವಾರ, ಬೆಳಿಗ್ಗೆ 7:20

ಮೇಷ್ಟ್ರೇ, ಮೂವರಲ್ಲ ಮಾರಾಯ್ರೆ, ಐವತ್ತು ಅರುವತ್ತು ಮಂದಿ ಇದ್ದರು! 'ಕ್ರೀಕ್ ರಾಷ್ಟ್ರ' ಅಂತ ಒಂದೇ ಮಾತಲ್ಲಿ ಹೇಳುತ್ತೇವೆ, ಆದರೆ ಅಲ್ಲಿ ನಿಜವಾಗಿ ಆಳುತ್ತಿದ್ದದ್ದು ಊರು. ಅವರ ಭಾಷೆಯಲ್ಲಿ ತಲ್ವಾ. ಕೂಸಾ, ಟಲ್ಲಪೂಸಾ ನದಿಗಳ ಸುತ್ತ ಮೇಲಿನ ಊರುಗಳು. ಚಟ್ಟಹೂಚಿ, ಫ್ಲಿಂಟ್ ನದಿಗಳ ಬದಿಗೆ ಕೆಳಗಿನ ಊರುಗಳು. ಒಂದೊಂದಕ್ಕೂ ಅದರದೇ ಮೀಕೊ, ಅದರದೇ ಅಂಗಳ, ಅದರದೇ ಬೆಂಕಿ. ಶಾಂತಿಯ ಕೆಲಸಕ್ಕೆ ಬಿಳಿ ಊರುಗಳು, ಯುದ್ಧದ ಕೆಲಸಕ್ಕೆ ಕೆಂಪು ಊರುಗಳು ಎಂಬ ಪಂಗಡವೂ ಇತ್ತು. ಅಂಗಳದ ಸಭೆಯಲ್ಲಿ ಯೋಪಾನ್ ಎಂಬ ಗಿಡದ ಎಲೆ ಹುರಿದು ಕುದಿಸಿದ ಕಪ್ಪು ಕಷಾಯ ಕುಡಿದು, ಮಾತು ಒಮ್ಮತಕ್ಕೆ ಬರುವವರೆಗೆ ಕೂರುತ್ತಿದ್ದರು. ಒಮ್ಮತ ಆಗದ ಊರು ತನ್ನ ಪಾಡಿಗೆ ತಾನು. ಒಂದು ಊರಿನ ಸಹಿ ಇನ್ನೊಂದು ಊರನ್ನು ಕಟ್ಟಿಹಾಕುವುದಿಲ್ಲ.

ಎರಡನೆಯದು, ನಮ್ಮ ತುಳುನಾಡಿನವರಿಗೆ ಥಟ್ಟನೆ ಅರ್ಥ ಆಗುವಂಥದ್ದು. ಕ್ರೀಕರಲ್ಲಿ ಬಳಿ, ಅಂದರೆ ಕುಲ, ಬರುವುದು ತಾಯಿಯಿಂದ. ನಮ್ಮ ಅಳಿಯಸಂತಾನದ ಹಾಗೆ ಮಗುವಿಗೆ ಬುದ್ಧಿ ಹೇಳಿ ಬೆಳೆಸುವವನು ಸೋದರಮಾವ, ಅಪ್ಪ ಬೇರೆ ಬಳಿಯವನು. ಮೆಕ್‌ಗಿಲಿವ್ರೆಯ ಅಪ್ಪ ಲಾಕ್ಲನ್ ಸ್ಕಾಟ್ಲೆಂಡಿನ ವ್ಯಾಪಾರಿ. ಬಿಳಿಯರು ಅವನನ್ನು ಅರೆರಕ್ತದವ ಅಂತೆಲ್ಲ ಬರೆದರು. ಆದರೆ ಅವನ ತಾಯಿ ಸೆಹೋಯ್, ಗಾಳಿ ಬಳಿಯವಳು, ಅದು ಅತಿ ಗೌರವದ ಬಳಿ. ಕ್ರೀಕರ ಲೆಕ್ಕದಲ್ಲಿ ಅವನು ಪೂರ್ತಿ ಕ್ರೀಕ್. ನನ್ನ ಅಜ್ಜಿ ಇದ್ದಿದ್ದರೆ ಇದನ್ನು ಒಂದೇ ಮಾತಲ್ಲಿ ಹೇಳುತ್ತಿದ್ದರು, "ಅಪ್ಪೆ ಏರ್?" ಅಂತ. ಅಮ್ಮ ಯಾರು ಅಂತ ಗೊತ್ತಾದರೆ ಮುಗಿಯಿತು.

ಮೂರನೆಯದು ನನಗೆ ಸಂಕಟ ತರುವ ವಿಷಯ. ತುಂಗಾತೀರ ಅವರೇ, 'ಕಾಗದ ಚೆನ್ನಾಗಿತ್ತು' ಅಂದಿರಲ್ಲ, 12ನೇ ವಿಧಿ ಮತ್ತೊಮ್ಮೆ ಓದಿ. ಕ್ರೀಕರು ಬೇಟೆಗಾರರಾಗಿಯೇ ಉಳಿಯದೆ ದನ ಸಾಕುವವರೂ ಬೇಸಾಯಗಾರರೂ ಆಗಲಿ, ಅದಕ್ಕಾಗಿ ಸಾಕುಪ್ರಾಣಿ, ಬೇಸಾಯದ ಸಲಕರಣೆ ಉಚಿತ ಎಂದಿದೆ. ಬೇಸಾಯ ಅವರಿಗೆ ಹೊಸದಾ? ಶತಮಾನಗಳಿಂದ ಜೋಳ, ಅವರೆ, ಕುಂಬಳ ಬೆಳೆದುಕೊಂಡು ಬಂದವರು ಅವರು. (ಜೋಳ ಅಂದರೆ ನಮ್ಮ ಮುಸುಕಿನ ಜೋಳ.) ವರ್ಷದ ದೊಡ್ಡ ಹಬ್ಬ ಪೊಸ್ಕಿತಾ ಹೊಸ ಜೋಳದ ಹಬ್ಬವೇ. ಅವತ್ತು ಹಳೆ ಬೆಂಕಿ ಆರಿಸಿ ಹೊಸ ಬೆಂಕಿ ಹೊತ್ತಿಸಿ, ಕೊಲೆಯೊಂದು ಬಿಟ್ಟು ಉಳಿದ ತಪ್ಪುಗಳನ್ನೆಲ್ಲ ಮನ್ನಿಸುತ್ತಿದ್ದರು. ಆದರೆ ಹೊಲದ ಕೆಲಸದಲ್ಲಿ ಹೆಚ್ಚಿನ ಪಾಲು ಹೆಂಗಸರದು. ಹಾಗಾಗಿ ಒಪ್ಪಂದ ಬರೆದವರ ಕಣ್ಣಿಗೆ ಆ ಬೇಸಾಯ ಬೇಸಾಯವಾಗಿ ಕಾಣಲೇ ಇಲ್ಲ. ನ್ಯೂಯಾರ್ಕಿನಲ್ಲಿ ಸಹಿ ಹಾಕಿದವರೂ ಗಂಡಸರೇ.

ಬಯಲುಸೀಮೆ · ಭಾನುವಾರ, ಬೆಳಿಗ್ಗೆ 8:05

ಒಂದು ಸಂಶಯ. ಈ ಮೆಕ್‌ಗಿಲಿವ್ರೆಗೆ ಗುಟ್ಟಾಗಿ ದುಡ್ಡು ಕೊಟ್ಟಿದ್ದರು ಅಂತ ಓದಿದ್ದೆ. ಸ್ಪೇನಿನಿಂದಲೂ ಸಂಬಳ, ಅಮೆರಿಕದಿಂದಲೂ ಸಂಬಳ. ಹಾಗಿದ್ದ ಮೇಲೆ ಅವನು ತನ್ನ ಜನರನ್ನು ಮಾರಿಕೊಂಡ ಅನ್ನಬಾರದಾ?

ತುಂಗಾತೀರ · ಭಾನುವಾರ, ಬೆಳಿಗ್ಗೆ 11:45

ಕುಡ್ಲದ ಅಕ್ಕಾ, 12ನೇ ವಿಧಿಯನ್ನು ಉದಾರ ನೆರವು ಅಂತಲೇ ಓದಿದ್ದೆ. ನೀವು ಹೇಳಿದ ಮೇಲೆ ಆ ಸಾಲು ಬೇರೆಯೇ ಕಾಣುತ್ತಿದೆ. ಒಪ್ಪಿಕೊಂಡೆ.

ಬಯಲುಸೀಮೆಯವರೇ, ನೀವು ಓದಿದ್ದು ನಿಜ. ಬಹಿರಂಗ ಒಪ್ಪಂದದ ಜೊತೆ ಗುಪ್ತ ವಿಧಿಗಳಿದ್ದವು. ಮೆಕ್‌ಗಿಲಿವ್ರೆಗೆ ಅಮೆರಿಕದ ಸೇನೆಯಲ್ಲಿ ಬ್ರಿಗೇಡಿಯರ್ ಜನರಲ್ ದರ್ಜೆ, ವರ್ಷಕ್ಕೆ 1,200 ಡಾಲರ್ ಸಂಬಳ. ಯುದ್ಧ ಬಂದು ಸ್ಪೇನಿನ ದಾರಿ ಮುಚ್ಚಿದರೆ ವರ್ಷಕ್ಕೆ 60,000 ಡಾಲರ್ ಬೆಲೆಯ ಸರಕನ್ನು ಸುಂಕವಿಲ್ಲದೆ ತರಿಸಿಕೊಳ್ಳುವ ಹಕ್ಕು. ಆರು ಊರು-ಪಂಗಡಗಳ ಮುಖಂಡರಿಗೆ ತಲಾ 100 ಡಾಲರ್ ವರ್ಷಾಶನ, ಪದಕ. ನಾಲ್ಕು ಜನ ಹುಡುಗರವರೆಗೆ ಓದಿಸುವ ಖರ್ಚು.

ಆದರೂ 'ಮಾರಿಕೊಂಡ' ಎಂಬ ಮಾತು ನನಗೆ ಒಪ್ಪಿಗೆಯಿಲ್ಲ. ಅವನ ಜಾಗದಲ್ಲಿ ನಿಂತು ನೋಡಿ. ದಕ್ಷಿಣದಲ್ಲಿ ಫ್ಲಾರಿಡಾ ಸ್ಪೇನಿನ ಕೈಯಲ್ಲಿ. ಪೂರ್ವದಲ್ಲಿ ಜಾರ್ಜಿಯಾದ ನೆಲದಾಹ, ಅದೂ 1789ರಲ್ಲಿ ಅವರ ಶಾಸನಸಭೆ ಪಶ್ಚಿಮದ ಯಾಜೂ ಸೀಮೆಯ ಲಕ್ಷಾಂತರ ಎಕರೆಯನ್ನು ಕಂಪನಿಗಳಿಗೆ ಮಾರಲು ಹೊರಟಿತ್ತು. ಕ್ರೀಕರ ಬದುಕು ನಿಂತದ್ದು ಜಿಂಕೆಚರ್ಮದ ವ್ಯಾಪಾರದ ಮೇಲೆ, ಚರ್ಮ ಕೊಂಡು ಬಂದೂಕು, ಬಟ್ಟೆ ಕೊಡುತ್ತಿದ್ದದ್ದು ಪೆನ್ಸಕೋಲಾದ ಪ್ಯಾಂಟನ್ ಲೆಸ್ಲಿ ಕಂಪನಿ. ಆ ಒಂದು ದಾರಿ ಮುಚ್ಚಿದರೆ ಊರುಗಳು ಬರಿಗೈ. ಅವನು ಇನ್ನೊಂದು ಬಾಗಿಲು ತೆರೆದಿಟ್ಟುಕೊಂಡ. ನನ್ನ ಲೆಕ್ಕದಲ್ಲಿ ಅದು ಬುದ್ಧಿವಂತಿಕೆ. ಓಕೋನಿ ನೆಲ ಹೋಯಿತು ನಿಜ, ಅಲ್ಲಿ ಆಗಲೇ ಬಿಳಿಯರು ತುಂಬಿದ್ದರು. ಆದರೆ ಗಾಲ್ಫಿನ್‌ಟನ್‌ನಲ್ಲಿ ಜಾರ್ಜಿಯಾ ಬರೆಸಿಕೊಂಡಿದ್ದ, ಆಲ್ಟಮಹಾದಿಂದ ಸೇಂಟ್ ಮೇರೀಸ್‌ವರೆಗಿನ ತಲಾಸಿ ಸೀಮೆ ವಾಪಸ್ ಬಂತು. ಜಾರ್ಜಿಯಾದವರು ಕೆರಳಿದ್ದು ಅದಕ್ಕೇ.

ಇನ್ನೊಂದು ದೃಶ್ಯ ಹೇಳಬೇಕು. ಅವನನ್ನು ಕರೆತರಲು ವಾಷಿಂಗ್ಟನ್ ಗುಟ್ಟಾಗಿ ಕಳಿಸಿದ್ದು ಕರ್ನಲ್ ಮರೈನಸ್ ವಿಲೆಟ್‌ರನ್ನು. ವಿಲೆಟ್ ಕ್ರೀಕರ ಊರುಗಳಿಗೆ ಹೋಗಿ, ಬೆಟ್ಟದಷ್ಟು ಗಟ್ಟಿಯಾದ, ನದಿಯಂತೆ ಬತ್ತದ ಒಪ್ಪಂದ ಮಾಡಿಕೊಳ್ಳೋಣ ಬನ್ನಿ ಎಂದು ಸಭೆಯಲ್ಲಿ ಕೇಳಿಕೊಂಡರು. ಅಲ್ಲಿಂದ ಬರುವಾಗ ಉತ್ತರ ಕ್ಯಾರೊಲೈನಾದ ಗಿಲ್ಫರ್ಡ್‌ನಲ್ಲಿ ನ್ಯಾಯಾಲಯದ ಕಟ್ಟಡದಲ್ಲಿ ಜನ ಕಿಕ್ಕಿರಿದಿದ್ದರು. ಬ್ರೌನ್ ಎಂಬ ಹೆಂಗಸು ಗುಂಪನ್ನು ಸೀಳಿಕೊಂಡು ಮೆಕ್‌ಗಿಲಿವ್ರೆಯ ಎದುರಿಗೆ ಬಂದು ಬಿಕ್ಕಿ ಬಿಕ್ಕಿ ಅತ್ತಳು. ಅವಳ ಗಂಡನನ್ನು ಕೊಂದು, ಅವಳನ್ನೂ ಮಕ್ಕಳನ್ನೂ ಸೆರೆ ಒಯ್ದಿದ್ದರು. ಆ ಸೆರೆಯಿಂದ ಬಿಡಿಸಿ, ತನ್ನ ಮನೆಯಲ್ಲಿ ವರ್ಷಕ್ಕೂ ಹೆಚ್ಚು ಕಾಲ ಇಟ್ಟುಕೊಂಡು ಸಲಹಿದವನು ಇವನೇ. ಗಡಿಯ ಜನ ತಮ್ಮ ಶತ್ರು ಅಂದುಕೊಂಡಿದ್ದ ಮನುಷ್ಯನ ಮುಂದೆ ಆ ಹೆಂಗಸು ಹಾಗೆ ನಿಂತದ್ದನ್ನು ವಿಲೆಟ್ ಬರೆದಿಟ್ಟಿದ್ದಾರೆ. ಇಷ್ಟು ಓದಿದ ಮೇಲೆ ನನಗೆ ಅವನ ಮೇಲೆ ಸುಲಭವಾಗಿ ಕಲ್ಲೆಸೆಯಲು ಮನಸ್ಸು ಬರುವುದಿಲ್ಲ.

ಹೌದು, 1792ರಲ್ಲಿ ನ್ಯೂ ಆರ್ಲಿಯನ್ಸ್‌ಗೆ ಹೋಗಿ ಸ್ಪೇನಿನ ಗವರ್ನರ್ ಕ್ಯಾರೊಂಡೆಲೆಟ್ ಜೊತೆ ಮತ್ತೆ ಒಪ್ಪಂದ ಮಾಡಿಕೊಂಡ, ನ್ಯೂಯಾರ್ಕಿನ ಮಾತು ಸಡಿಲವಾಯಿತು. ಆದರೆ ಅಷ್ಟರಲ್ಲಿ ಎರಡು ವರ್ಷ ಕಳೆದಿತ್ತು, ಅಮೆರಿಕ ಒಬ್ಬ ಒತ್ತುವರಿದಾರನನ್ನೂ ಎಬ್ಬಿಸುವ ಸ್ಥಿತಿಯಲ್ಲಿರಲಿಲ್ಲ. 1793ರ ಫೆಬ್ರುವರಿಯಲ್ಲಿ ಪೆನ್ಸಕೋಲಾದಲ್ಲಿ ತೀರಿಕೊಂಡ. ವಯಸ್ಸು ನಲವತ್ತರ ಆಸುಪಾಸು.

ಅಟ್ಲಾಂಟಾ ಕನ್ನಡಿಗ · ಭಾನುವಾರ, ಸಂಜೆ 6:30

ನಾನು ಇರುವುದೇ ಆ ನೆಲದಲ್ಲಿ. ಹನ್ನೊಂದು ವರ್ಷ ಆಯಿತು, ಓಕೋನಿ ಸೇತುವೆ ಮೇಲೆ ಎಷ್ಟೋ ಸಲ ಕಾರು ಓಡಿಸಿದ್ದೇನೆ. ಅದೊಂದು ಅಂತರರಾಷ್ಟ್ರೀಯ ಗಡಿಯಾಗಿತ್ತು ಎಂದು ತಿಳಿದದ್ದು ಇತ್ತೀಚೆಗೆ. ರಾಕ್ ಲ್ಯಾಂಡಿಂಗ್ ಇದ್ದದ್ದು ಇವತ್ತಿನ ಮಿಲೆಡ್ಜ್‌ವಿಲ್ ಪಟ್ಟಣದ ಹತ್ತಿರ. ಆ ಪಟ್ಟಣ ಮುಂದೆ ಜಾರ್ಜಿಯಾದ ರಾಜಧಾನಿಯೂ ಆಯಿತು, 1802ರ ಇನ್ನೊಂದು ಒಪ್ಪಂದದಲ್ಲಿ ಕ್ರೀಕರಿಂದ ಪಡೆದ ನೆಲದ ಮೇಲೆ.

ಆ ನೆಲವನ್ನು ಹಂಚಿದ ರೀತಿ ಗೊತ್ತಾ? ಲಾಟರಿ. 1805ರಿಂದ ಜಾರ್ಜಿಯಾ ರಾಜ್ಯ ಕ್ರೀಕರಿಂದ ಬಂದ ಜಮೀನನ್ನು ತುಂಡು ತುಂಡು ಅಳೆದು, ಪೀಪಾಯಿಗಳಲ್ಲಿ ಚೀಟಿ ಹಾಕಿ ಎತ್ತಿ ಬಿಳಿಯ ಕುಟುಂಬಗಳಿಗೆ ಹಂಚಿತು. ಮುಂದಿನ ಸಲ ಯಾವ ನೆಲ ಸಿಗುತ್ತದೆ ಎಂದು ಇಡೀ ರಾಜ್ಯ ಕಾಯುತ್ತಿದ್ದಾಗ ಯಾವ ಖಾತ್ರಿ ನಿಲ್ಲುತ್ತದೆ ಹೇಳಿ.

'ಕಾಯುವವರು ಇರಲಿಲ್ಲ' ಅಂದಿರಿ, ಸರಿ. ಕಾರಣವೂ ಇದೆ. ಆಗ ಅಮೆರಿಕದ ಇಡೀ ಸೈನ್ಯ ಸಾವಿರದ ಆಚೀಚೆ. ಅದರಲ್ಲಿ ಬಹುಪಾಲನ್ನು ಉತ್ತರದ ಒಹಾಯೋ ಕಡೆ ಕಳಿಸಿದರು. 1790ರ ಅಕ್ಟೋಬರಿನಲ್ಲಿ ಅಲ್ಲಿನ ಮೂಲನಿವಾಸಿಗಳ ಎದುರು ಸೇನಾಪತಿ ಹಾರ್ಮರ್ ಸೋತ. 1791ರ ನವೆಂಬರಿನಲ್ಲಿ ಸೇಂಟ್ ಕ್ಲೇರ್‌ನ ಪಡೆ ಒಂದು ಬೆಳಗಿನಲ್ಲಿ ನಾಶವಾಯಿತು. ಅಂಥ ಹೊತ್ತಿನಲ್ಲಿ ಓಕೋನಿಗೆ ಯಾರನ್ನು ಕಳಿಸುತ್ತಾರೆ?

ಆದರೂ ಒಮ್ಮೆ ಮಾತ್ರ ಖಾತ್ರಿ ಕೆಲಸ ಮಾಡಿತು, ಅದನ್ನು ಮರೆಯಬಾರದು. 1794ರಲ್ಲಿ ಎಲೈಜಾ ಕ್ಲಾರ್ಕ್ ಎಂಬ ಮಾಜಿ ಸೇನಾಧಿಕಾರಿ ಓಕೋನಿ ದಾಟಿ ಕ್ರೀಕರ ನೆಲದಲ್ಲಿ ಕೋಟೆ ಕಟ್ಟಿ, ತನ್ನದೇ ಗಣರಾಜ್ಯ ಎಂದು ಕೂತ. ವಾಷಿಂಗ್ಟನ್ ಒತ್ತಡ ಹಾಕಿದ ಮೇಲೆ ಜಾರ್ಜಿಯಾದ ಗವರ್ನರ್ ತನ್ನದೇ ರಾಜ್ಯದ ಪಡೆ ಕಳಿಸಿ ಆ ಕೋಟೆಗಳನ್ನು ಸುಡಿಸಬೇಕಾಯಿತು. ಮನಸ್ಸಿದ್ದಾಗ ಮಾರ್ಗವೂ ಇತ್ತು.

ಇನ್ನೊಂದು. ಮಕ್ಕಳನ್ನು ಕರೆದುಕೊಂಡು ಮೇಕನ್ ಪಟ್ಟಣದ ಒಕ್ಮಲ್ಗಿ ದಿಬ್ಬಗಳಿಗೆ ಹೋಗಿದ್ದೆ. ಮಸ್ಕೋಗಿಗಳ ಪೂರ್ವಿಕರು ಕಟ್ಟಿದ ಜಾಗ. ಅಲ್ಲಿ ಮಣ್ಣಿನೊಳಗೆ ಒಂದು ಸಭಾಮನೆ ಇದೆ. ಸುರಂಗದಂಥ ದಾರಿಯಲ್ಲಿ ಬಗ್ಗಿ ಹೋಗಬೇಕು. ಒಳಗೆ ಸಾವಿರ ವರ್ಷ ಹಳೆಯ ಜೇಡಿಮಣ್ಣಿನ ನೆಲ, ಗೋಡೆಯ ಸುತ್ತ ಮಣ್ಣಲ್ಲೇ ತಿದ್ದಿದ ಸಾಲು ಸಾಲು ಆಸನ, ಒಂದು ಕಡೆ ಹಕ್ಕಿಯ ಆಕಾರದ ಜಗಲಿ. ಆಸನಗಳು 47. ನನ್ನ ಮಗಳು ಎಣಿಸಿ, "ಅಪ್ಪಾ, ಇಲ್ಲಿ ಎಲ್ಲರೂ ಎಲ್ಲರ ಮುಖ ನೋಡಬಹುದು" ಅಂದಳು. ಕುಡ್ಲದ ಅಕ್ಕ ಒಮ್ಮತದ ಬಗ್ಗೆ ಬರೆದದ್ದು ಓದಿದಾಗ ಅದು ನೆನಪಾಯಿತು.

ಮಲೆನಾಡ ಮಳೆ · ಭಾನುವಾರ, ರಾತ್ರಿ 9:00

ಎಲ್ಲರೂ 5, 6, 12 ಅನ್ನುತ್ತಿದ್ದೀರಿ. 3ನೇ ವಿಧಿಯನ್ನು ಯಾಕೆ ಬಿಟ್ಟಿರಿ? ಕ್ರೀಕರ ಊರುಗಳಲ್ಲಿರುವ ಸೆರೆಯಾಳುಗಳನ್ನು, ಬಿಳಿಯರನ್ನೂ 'ನೀಗ್ರೋ'ಗಳನ್ನೂ, 1791ರ ಜೂನ್ 1ರ ಒಳಗೆ ರಾಕ್ ಲ್ಯಾಂಡಿಂಗಿಗೆ ತಂದು ಒಪ್ಪಿಸಬೇಕು ಅಂತ ಅದರಲ್ಲಿದೆ. ಜಾರ್ಜಿಯಾದ ತೋಟಗಳಿಂದ ತಪ್ಪಿಸಿಕೊಂಡ ಎಷ್ಟೋ ಗುಲಾಮರು ಕ್ರೀಕರ ನಡುವೆ, ಫ್ಲಾರಿಡಾದ ಸೆಮಿನೋಲರ ನಡುವೆ ಆಸರೆ ಕಂಡುಕೊಂಡಿದ್ದರು. ಯುದ್ಧದಲ್ಲಿ ಹಿಡಿದು ತಂದವರೂ ಇದ್ದರು. ಅವರಿಗೆ ಈ ಶಾಂತಿ ಅಂದರೆ ಮತ್ತೆ ಸಂಕೋಲೆ. ಆ ವಿಧಿ ಪೂರ್ತಿ ಜಾರಿಯಾಗಲಿಲ್ಲ, ಜಾರ್ಜಿಯಾದವರು ಪರಿಹಾರ ಕೇಳಿ ದಶಕಗಟ್ಟಲೆ ಗುದ್ದಾಡಿದರು. ಮೆಕ್‌ಗಿಲಿವ್ರೆಯ ಸ್ವಂತ ತೋಟದಲ್ಲೂ ಗುಲಾಮರಿದ್ದರು ಎಂಬುದನ್ನು ಅವನನ್ನು ಹೊಗಳುವಾಗ ಜೊತೆಗೇ ಹೇಳಬೇಕು.

ವಾಷಿಂಗ್ಟನ್, ನಾಕ್ಸ್ ಇಬ್ಬರ ಮನಸ್ಸು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನೆಲದ ಹಕ್ಕು ಮೊದಲಿಂದ ಅಲ್ಲಿದ್ದವರದು, ಅವರ ಒಪ್ಪಿಗೆಯಿಲ್ಲದೆ ಕಿತ್ತುಕೊಳ್ಳುವುದು ಅನ್ಯಾಯ ಎಂದು ನಾಕ್ಸ್ 1789ರಲ್ಲೇ ಅಧ್ಯಕ್ಷರಿಗೆ ಬರೆದಿದ್ದರು. ಆದರೆ ಆ ಒಪ್ಪಿಗೆಯನ್ನು ಕೊಳ್ಳುತ್ತಾ ಹೋದರೆ ಕೊನೆಗೆ ಎಲ್ಲ ನೆಲವೂ ನಮ್ಮದೇ ಆಗುತ್ತದೆ ಎಂಬ ಎಣಿಕೆಯೂ ಅವರಿಗಿತ್ತು. ಬೇಟೆ ಕಡಿಮೆಯಾದ ಹಾಗೆ ಇವರಿಗೆ ಇಷ್ಟು ಕಾಡು ಬೇಕಾಗುವುದಿಲ್ಲ, ತಾವೇ ಮಾರುತ್ತಾರೆ ಎಂದು. 12ನೇ ವಿಧಿಯ ದನ, ಸಲಕರಣೆ ಆ ಎಣಿಕೆಯ ಭಾಗ.

ಕಾನೂನು ವಿದ್ಯಾರ್ಥಿ · ಸೋಮವಾರ, ಬೆಳಿಗ್ಗೆ 6:50

ಮಲೆನಾಡಿನವರ ಮಾತಿಗೆ ಒಂದು ಸೇರಿಸುತ್ತೇನೆ. 8, 9, 10ನೇ ವಿಧಿಗಳನ್ನು ಒಟ್ಟಿಗೆ ಓದಿ. ಬಿಳಿಯರನ್ನು ಕೊಂದ ಕ್ರೀಕನನ್ನು ಅಮೆರಿಕಕ್ಕೆ ಒಪ್ಪಿಸಬೇಕು. ಕ್ರೀಕನನ್ನು ಕೊಂದ ಬಿಳಿಯನನ್ನು ಅಮೆರಿಕವೇ ಶಿಕ್ಷಿಸುತ್ತದೆ. ನ್ಯಾಯ ಕೇಳಿ ಅದು ಸಿಗುವುದಿಲ್ಲ ಎಂದು ಆಗುವವರೆಗೆ ಯಾರೂ ಸೇಡು ತೀರಿಸಿಕೊಳ್ಳುವಂತಿಲ್ಲ. ಕ್ರೀಕರ ಪದ್ಧತಿಯಲ್ಲಿ ಕೊಲೆಗೆ ನ್ಯಾಯ ಕೇಳುವವರು ಸತ್ತವನ ಕುಲದವರು. ಅದು ಬಂಧುಗಳ ಕರ್ತವ್ಯ, ಅದನ್ನು ಮೀಕೊ ತಡೆಯಲಾರ. ಇನ್ನೊಂದು ಕಡೆ, ಕ್ರೀಕನನ್ನು ಕೊಂದ ಗಡಿಯ ಬಿಳಿಯನಿಗೆ ಗಡಿಯ ಜೂರಿ ಶಿಕ್ಷೆ ಕೊಟ್ಟೀತೇ? ಎರಡೂ ಕಡೆ ನಡೆಯದ ವಿಧಿ ಅದು.

ಇನ್ನು ಖಾತ್ರಿಯ ವಿಷಯ. ಒಪ್ಪಂದಗಳು ದೇಶದ ಪರಮೋಚ್ಚ ಕಾನೂನು ಎಂದು ಅಮೆರಿಕದ ಸಂವಿಧಾನದ 6ನೇ ವಿಧಿಯೇ ಹೇಳುತ್ತದೆ. ಕ್ರೀಕರು ನ್ಯೂಯಾರ್ಕಿಗೆ ಬಂದ ಮರುದಿನ, ಜುಲೈ 22ರಂದು, ಸರ್ಕಾರಿ ಒಪ್ಪಂದದ ಮೂಲಕವಲ್ಲದೆ ಮೂಲನಿವಾಸಿಗಳ ನೆಲವನ್ನು ಯಾವ ವ್ಯಕ್ತಿಯೂ ಯಾವ ರಾಜ್ಯವೂ ಕೊಳ್ಳುವಂತಿಲ್ಲ ಎಂಬ ಕಾಯ್ದೆಯೂ ಬಂತು.

2020ರ ಜುಲೈ 9ರಂದು ಅಮೆರಿಕದ ಸುಪ್ರೀಂ ಕೋರ್ಟ್ ಮೆಕ್‌ಗರ್ಟ್ ಪ್ರಕರಣದಲ್ಲಿ 5-4 ಬಹುಮತದಿಂದ, ಪೂರ್ವ ಒಕ್ಲಹೋಮಾದಲ್ಲಿ ಕ್ರೀಕರಿಗೆಂದು ಗೊತ್ತುಮಾಡಿದ್ದ ಸೀಮೆ ಇನ್ನೂ ರದ್ದಾಗಿಲ್ಲ ಎಂದಿತು. ಅದು 1790ರ ಕಾಗದದ ಮೇಲೆ ನಿಂತ ತೀರ್ಪಲ್ಲ, ಗಡೀಪಾರಿನ ಕಾಲದ 1832, 1833ರ ಒಪ್ಪಂದಗಳು, 1866ರ ಒಪ್ಪಂದ ಇವುಗಳ ಮೇಲೆ. ನ್ಯಾಯಮೂರ್ತಿ ಗೋರ್ಸಚ್ ತೀರ್ಪು ಶುರುಮಾಡಿದ್ದೇ, ಕಣ್ಣೀರ ಹಾದಿಯ ಆ ತುದಿಯಲ್ಲಿ ಒಂದು ವಚನವಿತ್ತು ಎಂಬ ಮಾತಿನಿಂದ. (ಕಣ್ಣೀರ ಹಾದಿ ಅಂದರೆ ಆ ಗಡೀಪಾರಿನ ದಾರಿ.) ಒಕ್ಮಲ್ಗಿಯ ನೆನಪಿಗೆ ಅವರು ಅಲ್ಲಿ ಹೆಸರಿಟ್ಟ ಊರು ಓಕ್ಮಲ್ಗೀ ಇವತ್ತು ಮಸ್ಕೋಗಿ ರಾಷ್ಟ್ರದ ರಾಜಧಾನಿ.

ಬಯಲುಸೀಮೆ · ಸೋಮವಾರ, ಬೆಳಿಗ್ಗೆ 8:15

ಹಾಗಾದರೆ ನಡುವೆ ಏನಾಯಿತು? 1790ರಿಂದ 1832ಕ್ಕೆ ಹೇಗೆ ಬಂದರು?

ಹಳೇ ಮೇಷ್ಟ್ರು · ಸೋಮವಾರ, ಮಧ್ಯಾಹ್ನ 1:40

ಚುಟುಕಾಗಿ ಹೇಳುತ್ತೇನೆ. 1796ರಲ್ಲಿ ಕೊಲರೇನ್ ಒಪ್ಪಂದ, ನ್ಯೂಯಾರ್ಕಿನ ಗಡಿಯನ್ನೇ ಮತ್ತೆ ಖಾಯಂ ಮಾಡಿತು. ಜಾರ್ಜಿಯಾದವರು ಅಲ್ಲಿಗೂ ಬಂದು ನೆಲ ಕೇಳಿ ಬರಿಗೈಲಿ ಹೋದರು. ಆಮೇಲೆ ಬೆಂಜಮಿನ್ ಹಾಕಿನ್ಸ್ ಸರ್ಕಾರದ ಪ್ರತಿನಿಧಿಯಾಗಿ ಇಪ್ಪತ್ತು ವರ್ಷ ಕ್ರೀಕರ ನಡುವೆಯೇ ಬದುಕಿದರು. 1802, 1805ರಲ್ಲಿ ಇನ್ನಷ್ಟು ನೆಲ ಹೋಯಿತು, ನಡುವೆ ರಸ್ತೆ ಬಂತು. 1813ರಲ್ಲಿ ಕ್ರೀಕರಲ್ಲೇ ಒಡಕು, 'ಕೆಂಪು ಕೋಲಿನವರು' ಎಂಬ ಪಂಗಡದವರು ಅಮೆರಿಕದ ವಿರುದ್ಧ ಎದ್ದರು. 1814ರ ಮಾರ್ಚ್ 27ರಂದು ಹಾರ್ಸ್‌ಶೂ ಬೆಂಡ್ ಎಂಬಲ್ಲಿ ಅಮೆರಿಕದ ಸೇನಾಪತಿ ಆಂಡ್ರೂ ಜಾಕ್ಸನ್ ಈ ಕೆಂಪು ಕೋಲಿನವರನ್ನು ಮುರಿದ. ಆಗಸ್ಟಿನಲ್ಲಿ ಫೋರ್ಟ್ ಜಾಕ್ಸನ್ ಒಪ್ಪಂದದಲ್ಲಿ 2 ಕೋಟಿ 30 ಲಕ್ಷ ಎಕರೆಯ ಹತ್ತಿರ ಕಿತ್ತುಕೊಂಡ. ಅಲ್ಲಿ ಸಹಿ ಹಾಕಬೇಕಾಗಿ ಬಂದವರಲ್ಲಿ ಬಹುಪಾಲು ಜಾಕ್ಸನ್ನನ ಪರವಾಗಿಯೇ ಹೋರಾಡಿದ ಕ್ರೀಕರು! 1825ರಲ್ಲಿ ವಿಲಿಯಂ ಮೆಕಿಂಟಾಷ್ ಎಂಬ ಕ್ರೀಕ್ ಮುಖಂಡ ಕ್ರೀಕರ ರಾಷ್ಟ್ರಸಭೆಯ ಮಾತು ಮೀರಿ ನೆಲ ಬರೆದುಕೊಟ್ಟ. ಸಭೆ ಅವನಿಗೆ ಮರಣದಂಡನೆ ವಿಧಿಸಿ ಜಾರಿ ಮಾಡಿತು. ಕೆಲವರ ಸಹಿ ಎಲ್ಲರದೂ ಆಗುವುದಿಲ್ಲ ಎಂದು ಶೋಲ್ಡರ್‌ಬೋನ್ ಕಾಲದಲ್ಲಿ ಹೇಳಿದ್ದನ್ನೇ ನಲವತ್ತು ವರ್ಷದ ಮೇಲೂ ಹೇಳಬೇಕಾಯಿತು.

ನಮ್ಮ ಕಡೆಯ ಒಂದು ಎಳೆಯೂ ಉಂಟು. 1781ರಲ್ಲಿ ಯಾರ್ಕ್‌ಟೌನಿನಲ್ಲಿ ವಾಷಿಂಗ್ಟನ್ ಎದುರು ಸೋತ ಕಾರ್ನ್‌ವಾಲಿಸ್ ಆಮೇಲೆ ಗವರ್ನರ್ ಜನರಲ್ ಆಗಿ ಇಲ್ಲಿಗೆ ಬಂದ. ಕ್ರೀಕರು ನ್ಯೂಯಾರ್ಕಿನಲ್ಲಿದ್ದ ವರ್ಷವೇ ಮೂರನೇ ಮೈಸೂರು ಯುದ್ಧ ಶುರು. 1791ರಲ್ಲಿ ಬೆಂಗಳೂರು ಕೋಟೆ ಬಿತ್ತು. 1792ರಲ್ಲಿ ಟಿಪ್ಪು ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಒತ್ತೆಗೆ ಇಬ್ಬರು ಮಕ್ಕಳನ್ನು ಕೊಡಬೇಕಾಯಿತು. ಇಷ್ಟನ್ನೇ ಹೇಳುತ್ತೇನೆ, ಎರಡು ಕಥೆ ಬೇರೆ ಬೇರೆ.

ತುಂಗಾತೀರ · ಸೋಮವಾರ, ರಾತ್ರಿ 10:20

ಎಲ್ಲರಿಗೂ ಕೈ ಮುಗಿದೆ. ನಾನು ಶನಿವಾರ ಬರೆದ 'ಕಾಗದ ಚೆನ್ನಾಗಿತ್ತು' ಎಂಬ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. 5, 6ನೇ ವಿಧಿಗಳ ಮೇಲಿನ ಪ್ರೀತಿಯಲ್ಲಿ 3, 10, 12 ನನ್ನ ಕಣ್ಣಿಗೆ ಬೀಳಲೇ ಇಲ್ಲ.

ಒಂದು ಪ್ರಸಂಗ ಹಂಚಿಕೊಳ್ಳಬೇಕು. ಆ ಬೇಸಿಗೆಯಲ್ಲಿ ಚಿತ್ರಕಾರ ಜಾನ್ ಟ್ರಂಬುಲ್ ನ್ಯೂಯಾರ್ಕ್ ನಗರಕ್ಕಾಗಿ ವಾಷಿಂಗ್ಟನ್ ಅವರ ಆಳೆತ್ತರದ ಚಿತ್ರ ಬರೆಯುತ್ತಿದ್ದರು. ಒಂದು ದಿನ ಊಟವಾದ ಮೇಲೆ ವಾಷಿಂಗ್ಟನ್ ಕ್ರೀಕ್ ಮುಖಂಡರನ್ನು ಆ ಕೋಣೆಗೆ ಕರೆತಂದರು. ಬಾಗಿಲು ತೆರೆದಾಗ ಎದುರಿಗೆ ಇನ್ನೊಬ್ಬ ವಾಷಿಂಗ್ಟನ್. ಮುಖಂಡರು ಬೆಚ್ಚಿ ನಿಂತರು. ಒಬ್ಬ ಹತ್ತಿರ ಬಂದು ಕೈಯಿಂದ ಮುಟ್ಟಿ ನೋಡಿದ, ಚಪ್ಪಟೆ, ತಣ್ಣನೆಯ ಬಟ್ಟೆ. ಮತ್ತೊಬ್ಬ ಚಿತ್ರದ ಹಿಂದೆ ಏನಿದೆ ಎಂದು ಇಣುಕಿದ. ಅವರಲ್ಲಿ ಕೆಲವರ ಚಿತ್ರ ಬರೆಯಬೇಕೆಂದು ಟ್ರಂಬುಲ್‌ಗೆ ಆಸೆ, ಅವರು ಒಪ್ಪಲಿಲ್ಲ. ಕೊನೆಗೆ ಅವರಿಗೆ ತಿಳಿಯದಂತೆ ಕೆಲವು ಪೆನ್ಸಿಲ್ ರೇಖಾಚಿತ್ರ ಮಾಡಿಕೊಂಡರು. ಮೇಷ್ಟ್ರು ಹೇಳಿದ ಹೊಬೊಯಿತ್ಲೆ ಮೀಕೊ ಅದರಲ್ಲಿದ್ದಾನೆ. ಜಾರ್ಜಿಯಾದ ಕಾಗದಗಳಿಗೂ ನ್ಯೂಯಾರ್ಕಿನ ಕಾಗದಕ್ಕೂ ಸಹಿ ಹಾಕಿದ ಮನುಷ್ಯನ ಮುಖ ಹೀಗೆ ನಮಗೆ ಉಳಿದಿದೆ.

ಆಗಸ್ಟ್ 13ರಂದು ಫೆಡರಲ್ ಹಾಲಿನಲ್ಲಿ ಒಪ್ಪಂದವನ್ನು ಜೋರಾಗಿ ಓದಿ, ಒಂದೊಂದು ಭಾಗವನ್ನೂ ದುಭಾಷಿ ಹೇಳುತ್ತಾ ಹೋದ. ವಾಷಿಂಗ್ಟನ್ ಶಾಶ್ವತ ಶಾಂತಿಯ ಗುರುತಾಗಿ ಮಣಿಗಳ ಸರವನ್ನೂ, ನೆನಪಿಗಾಗಿ ಸೇದಲು ಒಂದು ಪೊಟ್ಟಣ ಹೊಗೆಸೊಪ್ಪನ್ನೂ ಕೊಟ್ಟರು. ಕ್ರೀಕರು ಶಾಂತಿಯ ಹಾಡು ಹಾಡಿದರು.

ಕುಡ್ಲದವಳು · ಮಂಗಳವಾರ, ಬೆಳಿಗ್ಗೆ 7:05

ಮೇಷ್ಟ್ರೇ, ಒಂದು ಕೇಳುವುದಿತ್ತು. ಆ 24 ಸಹಿಗಳು ಕಾಗದದ ಮೇಲೆ ಹೇಗೆ ಇವೆ? ಒಂದೇ ಪಟ್ಟಿಯಾ?

ಹಳೇ ಮೇಷ್ಟ್ರು · ಮಂಗಳವಾರ, ಬೆಳಿಗ್ಗೆ 9:30

ಇಲ್ಲ ತಂಗಿ. ಮೊದಲು ಮೆಕ್‌ಗಿಲಿವ್ರೆಯ ಸಹಿ. ಆಮೇಲೆ ಊರಿನ ಹೆಸರು, ಅದರ ಕೆಳಗೆ ಆ ಊರಿನವರು. ಕಸೀಟಾ, ಅದರ ಕೆಳಗೆ 'ಹಕ್ಕಿಬಾಲದ ರಾಜ' ಮತ್ತು ಜೊತೆಗಾರರು. ಸಣ್ಣ ತಲಾಸಿ. ದೊಡ್ಡ ತಲಾಸಿ, ಅಲ್ಲಿ ಹೊಬೊಯಿತ್ಲೆ ಮೀಕೊ. ಟಕಬಾಚಿ. ನ್ಯಾಚೆಜ್. ಕೊವೇಟಾ. ಹೀಗೇ ಊರೂರು. ಪ್ರತಿಯೊಬ್ಬನ ಹೆಸರಿನ ಪಕ್ಕ ಅವನು ಹಾಕಿದ ಗೀಟು. ಕೊನೆಗೆ ದುಭಾಷಿ ಜೋಸೆಫ್ ಕಾರ್ನೆಲ್.